ಒಂದೇ ದ್ವೀಪ, ಒಂದೇ ರೂಮು, ಏಳು ರಾತ್ರಿ: ಮುಂಬೈಯಿಂದ ಥಾಯ್ಲೆಂಡಿನ ಕೊ ಲಾಂಟಾಕ್ಕೆ ಆರಾಮಾಗಿ ಹೋಗಿಬರುವ ದಾರಿ

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆರಾಮದ ರಜೆ ಬೇಕಿದ್ದರೆ ಒಂದೇ ದ್ವೀಪ ಆರಿಸಿಕೊಳ್ಳಿ, ಅಲ್ಲಿ ಒಂದೇ ಕಡೆ ರೂಮು ಮಾಡಿ, ಕನಿಷ್ಠ ಏಳು ರಾತ್ರಿ ಅಲ್ಲೇ ಇರಿ. ಟಿಕೆಟ್ಟು, ಊಟ, ಖರ್ಚು ಎಲ್ಲವೂ ಇದೊಂದನ್ನು ಒಪ್ಪಿಕೊಂಡ ಮೇಲೆ ತಾನಾಗೇ ಸುಲಭವಾಗುತ್ತದೆ.

ನಾವು ಡೊಂಬಿವಲಿಯವರು, ಮೂಲ ಧಾರವಾಡ. ಮನೆಯಲ್ಲಿ ನಾಲ್ಕು ಜನ: ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗಳು, ಎಪ್ಪತ್ತರ ಹತ್ತಿರದ ಅತ್ತೆ. ಮೊದಲ ಸಲ ಥಾಯ್ಲೆಂಡಿಗೆ ಹೋದಾಗ ಒಬ್ಬ ಏಜೆಂಟರ ಪ್ಯಾಕೇಜ್ ತಗೊಂಡಿದ್ದೆವು. ಐದು ರಾತ್ರಿ, ಮೂರು ಊರು. ದಿನಾ ಬೆಳಿಗ್ಗೆ ಆರೂವರೆಗೆ ತಿಂಡಿ ಮುಗಿಸಿ ಬಸ್ಸು ಹತ್ತಬೇಕು, ಸಂಜೆ ಯಾವುದೋ ಅಂಗಡಿ ಮುಂದೆ ಇಳಿಸುತ್ತಾರೆ, ಮರುದಿನ ಮತ್ತೆ ಪೆಟ್ಟಿಗೆ ಕಟ್ಟು. ಅತ್ತೆಯ ಕಾಲು ಊದಿಕೊಂಡವು. ಮನೆಗೆ ಬಂದು ಲೆಕ್ಕ ಹಾಕಿದರೆ ಸಮುದ್ರದ ಮುಂದೆ ಸುಮ್ನೆ ಕೂತದ್ದು ಎಲ್ಲ ಸೇರಿ ಎರಡು ಗಂಟೆಯೂ ಆಗಿರಲಿಲ್ಲ. ಮುಂಬೈಯಲ್ಲಿ ವರ್ಷವಿಡೀ ಲೋಕಲ್ ಹಿಂದೆ ಓಡುವವರು ರಜೆಯಲ್ಲೂ ಓಡಿದರೆ ಮೈಗೆ ವಿಶ್ರಾಂತಿ ಎಲ್ಲಿಂದ ಬರಬೇಕು, ಅಲ್ವಾ? ಹಾಗಾಗಿ ಎರಡನೇ ಸಲ ಎಲ್ಲ ನಾವೇ ಮಾಡಿಕೊಂಡೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರಜೆಯ ತಿಂಗಳು ನೋಡಿ, ಆಮೇಲೆ ದ್ವೀಪ

ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ಎಲ್ಲೋ ಒಂದು ಚಂದದ ಫೋಟೊ ನೋಡಿ ದ್ವೀಪ ಗೊತ್ತು ಮಾಡುತ್ತಾರೆ, ಆಮೇಲೆ ಮಕ್ಕಳ ಶಾಲೆಯ ರಜೆಗೆ ಟಿಕೆಟ್ ಹುಡುಕುತ್ತಾರೆ, ಅಲ್ಲಿ ಇಳಿದ ಮೇಲೆ ಮಳೆ.

ಥಾಯ್ಲೆಂಡಿಗೆ ಎರಡು ಸಮುದ್ರ. ಪಶ್ಚಿಮಕ್ಕೆ ಅಂಡಮಾನ್ ಸಮುದ್ರ: ಫುಕೆಟ್, ಕ್ರಾಬಿ, ಫಿ ಫಿ, ಕೊ ಲಾಂಟಾ ಎಲ್ಲ ಈ ಕಡೆ. ಪೂರ್ವಕ್ಕೆ ಥಾಯ್ಲೆಂಡ್ ಕೊಲ್ಲಿ: ಕೊ ಸಮುಯ್, ಕೊ ಫಂಗಾನ್, ಕೊ ಟಾವ್ ಆ ಕಡೆ. ನಮ್ಮ ಮುಂಬೈ, ಗೋವಾ, ಕರಾವಳಿಯನ್ನು ತೋಯಿಸುವ ಅದೇ ನೈಋತ್ಯ ಮುಂಗಾರು ಅಂಡಮಾನ್ ದಂಡೆಯನ್ನೂ ತೋಯಿಸುತ್ತದೆ, ನಮಗಿಂತ ಸ್ವಲ್ಪ ಮೊದಲು. ಮೇ ತಿಂಗಳಿಂದ ಅಕ್ಟೋಬರ್ ತನಕ ಅಲ್ಲಿ ಮಳೆಗಾಲ. ಲಾಂಟಾದಲ್ಲಿ ಆಗ ಎಷ್ಟೋ ಹೋಟೆಲ್ ಬಾಗಿಲು ಹಾಕಿರುತ್ತವೆ, ದೋಣಿಗಳು ಕಡಿಮೆ, ಸಮುದ್ರ ಜೋರು. ಕೊಲ್ಲಿಯ ಕಡೆ ಲೆಕ್ಕ ಬೇರೆ. ಅಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ, ನವೆಂಬರ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ. ಅದು ತಮಿಳುನಾಡಿಗೆ ಮಳೆ ತರುವ ಹಿಂಗಾರಿನ ಹೊತ್ತು. ಹಿಂಗಾರಿ ಜೋಳದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಿಮ್ಮ ರಜೆಗೆ ಜೋಡಿಸಿ ನೋಡಿ. ಕ್ರಿಸ್ಮಸ್‌ನಿಂದ ಮಾರ್ಚ್ ತನಕ ಸಿಕ್ಕರೆ ಲಾಂಟಾ, ಕ್ರಾಬಿ. ಕ್ರಿಸ್ಮಸ್ ಹೊಸ ವರ್ಷದ ಎರಡು ವಾರ ಮಾತ್ರ ರೂಮಿನ ದರ ಏರಿರುತ್ತದೆ, ಅದನ್ನು ಬಿಟ್ಟುಬಿಡಿ. ದೀಪಾವಳಿ ರಜೆ ನವೆಂಬರ್‌ನಲ್ಲಿ ಬಂದ ವರ್ಷ ಅಂಡಮಾನ್ ಕಡೆ ಹೋಗಬಹುದು, ಅಕ್ಟೋಬರ್‌ನಲ್ಲಿ ಬಂದರೆ ನಾನು ಹೋಗುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ರಜೆ ಸಿಕ್ಕಿದರೆ ಸಮುಯ್. ಮೇ ತಿಂಗಳಲ್ಲೇ ಹೋಗಬೇಕು, ಬೇರೆ ದಾರಿಯೇ ಇಲ್ಲ ಅನ್ನುವವರಿಗೆ ಬಾಲಿ ಒಳ್ಳೆಯದು. ಅದು ಭೂಮಧ್ಯರೇಖೆಯ ಕೆಳಗಿದೆ, ಅಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ಒಣ ಕಾಲ. ಇಲ್ಲಿ ನಾನು ಲಾಂಟಾ ಬಗ್ಗೆಯೇ ಬರೆಯುತ್ತೇನೆ, ನಾವು ಇದ್ದು ನೋಡಿದ್ದು ಅದನ್ನೇ.

ನಾವು ಹೋದದ್ದು ಜನವರಿಯಲ್ಲಿ. 26ರ ರಜೆಗೆ ಹಿಂದೆ ಮುಂದೆ ಶನಿವಾರ ಭಾನುವಾರ ಸೇರಿಸಿ, ಮಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸಿದೆವು. ಟೀಚರ್‌ಗೆ ಮೊದಲೇ ಹೇಳಿದ್ದೆವು.

ಹೋಗುವ ದಾರಿ

ಮುಂಬೈಯಿಂದ ಫುಕೆಟ್‌ಗೆ ನೇರ ವಿಮಾನ ಇದೆ, ಐದು ಗಂಟೆ ಒಳಗಿನ ಪ್ರಯಾಣ. ಕ್ರಾಬಿಗೆ ನೇರ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ, ಲಾಂಟಾಕ್ಕೆ ಅಲ್ಲಿಂದ ದಾರಿ ಕಡಿಮೆ. ಪುಣೆಯವರು ರಾತ್ರಿ ಎಕ್ಸ್‌ಪ್ರೆಸ್‌ವೇ ಮೇಲೆ ಮುಂಬೈಗೆ ಬಂದು ಹತ್ತಬಹುದು, ಇಲ್ಲವೇ ಬ್ಯಾಂಕಾಕ್ ಮೇಲಿಂದ ಹೋಗಬಹುದು. ಗೋವಾದಲ್ಲಿರುವ ನಮ್ಮವರೂ ಹಾಗೇ.

ಬ್ಯಾಂಕಾಕ್ ಮೇಲಿಂದ ಹೋಗುವವರು ಒಂದು ವಿಷಯ ಗಮನ ಇಟ್ಟು ಓದಿ. ಆ ಊರಿಗೆ ಎರಡು ವಿಮಾನ ನಿಲ್ದಾಣ. ಒಂದು ಸುವರ್ಣಭೂಮಿ, ಅವರ ಬಾಯಲ್ಲಿ ಅದು ಸುವನ್ನಪೂಮ್. ಇನ್ನೊಂದು ಡಾನ್ ಮುಯಾಂಗ್. ಊರಿನ ಬೇರೆ ಬೇರೆ ದಿಕ್ಕಿಗಿವೆ, ನಡುವೆ ಟ್ರಾಫಿಕ್ ಇದ್ದರೆ ಒಂದೂವರೆ ಗಂಟೆಯೂ ಹಿಡಿಯಬಹುದು. ಮೊದಲ ಪ್ರವಾಸದಲ್ಲಿ ನಮ್ಮ ಏಜೆಂಟರು ಒಂದರಲ್ಲಿ ಇಳಿಯುವ, ಎರಡೇ ಗಂಟೆ ಬಿಟ್ಟು ಇನ್ನೊಂದರಿಂದ ಹೊರಡುವ ಟಿಕೆಟ್ ಮಾಡಿಕೊಟ್ಟಿದ್ದರು. ವಿಮಾನ ತಪ್ಪಿತು, ಹೊಸ ಟಿಕೆಟ್‌ಗೆ ನಾವೇ ದುಡ್ಡು ಕೊಟ್ಟೆವು, ಅತ್ತೆಯನ್ನು ಕುರ್ಚಿ ಮೇಲೆ ಆರು ಗಂಟೆ ಕೂರಿಸಬೇಕಾಯಿತು. ಎರಡೂ ವಿಮಾನ ಒಂದೇ ನಿಲ್ದಾಣದಲ್ಲಿ, ಒಂದೇ ಟಿಕೆಟ್‌ನಲ್ಲಿ ಇವೆಯೇ ಅಂತ ನೀವೇ ಕಣ್ಣಾರೆ ನೋಡಿ.

ಕ್ರಾಬಿ ವಿಮಾನ ನಿಲ್ದಾಣದಿಂದ ಲಾಂಟಾಕ್ಕೆ ವ್ಯಾನ್ ಸಿಗುತ್ತದೆ. ಎರಡರಿಂದ ಎರಡೂವರೆ ಗಂಟೆ. ನಡುವೆ ಹುವಾ ಹಿನ್ ಅನ್ನುವ ಕಡೆ ಗಾಡಿ ಸಮೇತ ಬಾರ್ಜ್ ಮೇಲೆ ಹತ್ತಿ ಲಾಂಟಾ ನೊಯ್ ಅನ್ನುವ ಚಿಕ್ಕ ದ್ವೀಪಕ್ಕೆ ದಾಟುತ್ತೀರಿ, ಅಲ್ಲಿಂದ 2016ರಲ್ಲಿ ತೆರೆದ ಸಿರಿ ಲಾಂಟಾ ಸೇತುವೆ ಮೇಲೆ ದೊಡ್ಡ ದ್ವೀಪ ಲಾಂಟಾ ಯಾಯ್‌ಗೆ. ಮಗಳಿಗೆ ಇಡೀ ಪ್ರಯಾಣದಲ್ಲಿ ತುಂಬ ಇಷ್ಟವಾದದ್ದು ಆ ಬಾರ್ಜ್. ಫುಕೆಟ್‌ನಲ್ಲಿ ಇಳಿದವರಿಗೆ ಒಳ್ಳೆ ಕಾಲದಲ್ಲಿ ದೋಣಿಯೂ ಇದೆ, ರಸಾದಾ ಜೆಟ್ಟಿಯಿಂದ ಫಿ ಫಿ ಮೇಲಿಂದ ಸಾಲಾದಾನ್ ಜೆಟ್ಟಿಗೆ. ವಯಸ್ಸಾದವರು ಜೊತೆಗಿದ್ದರೆ ವ್ಯಾನೇ ವಾಸಿ. ದೋಣಿ ಹತ್ತುವಾಗ ಇಳಿಯುವಾಗ ಕಾಲು ಎತ್ತಿಡುವುದು ಅವರಿಗೆ ಕಷ್ಟ.

ಇಲ್ಲಿಂದ ರಾತ್ರಿ ವಿಮಾನ ಹಿಡಿದರೆ ಬೆಳಿಗ್ಗೆ ಇಳಿಯುತ್ತೀರಿ. ಗಡಿಯಾರ ಒಂದೂವರೆ ಗಂಟೆ ಮುಂದಿಟ್ಟುಕೊಳ್ಳಿ. ರೂಮು ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ ಕೊಡುತ್ತಾರೆ, ಬೇಗ ಕೊಡಲು ಆಗುತ್ತದೆಯೇ ಅಂತ ಎರಡು ದಿನ ಮೊದಲೇ ಹೋಟೆಲ್‌ಗೆ ಒಂದು ಮೆಸೇಜ್ ಹಾಕಿ. ಆ ಮೊದಲ ದಿನ ಊಟ, ಸ್ನಾನ, ನಿದ್ದೆ, ಸಂಜೆ ದಂಡೆಗೆ ಒಂದು ಸುತ್ತು. ಬೇರೆ ಏನೂ ಇಟ್ಟುಕೊಳ್ಳಬೇಡಿ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. 2024ರ ಜುಲೈನಲ್ಲಿ ಥಾಯ್ಲೆಂಡ್ ಭಾರತೀಯರಿಗೆ 60 ದಿನ ವೀಸಾ ಇಲ್ಲದೆ ಇರಲು ಬಿಟ್ಟಿತು. ಈ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ದಿನ ಅವರ ರಾಯಭಾರ ಕಚೇರಿಯ ವೆಬ್‌ಸೈಟ್ ತೆರೆದು ನೋಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ಇಳಿಯುವ ದಿನಕ್ಕೆ ಮೂರು ದಿನದ ಒಳಗೆ ತುಂಬಬೇಕು, ಸರ್ಕಾರಿ ವೆಬ್‌ಸೈಟ್‌ನಲ್ಲಿ ಅದು ಪೂರ್ತಿ ಉಚಿತ, ದುಡ್ಡು ಕೇಳಿದ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ. ಪಾಸ್‌ಪೋರ್ಟ್ ಅವಧಿ ಆರು ತಿಂಗಳು ಉಳಿದಿರಲಿ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಪ್ರಿಂಟ್ ಮಾಡಿ ಕೈಚೀಲದಲ್ಲಿಡಿ, ಸ್ವಲ್ಪ ನಗದು ಬಾತ್ (ಥಾಯ್ಲೆಂಡಿನ ಹಣ) ಕೂಡ ಇರಲಿ, ಕೇಳಿದರೆ ತೋರಿಸಬೇಕು. ಇ-ಸಿಗರೇಟ್ ಅಲ್ಲಿ ಕಾನೂನುಬಾಹಿರ, ಯಾರ ಚೀಲದಲ್ಲೂ ಇರಬಾರದು.

ಯಾವ ಬೀಚು, ಎಂಥ ರೂಮು

ಇಲ್ಲಿ ಮಾತ್ರ ಸಮಯ ಕೊಡಿ. ಎಂಟು ದಿನ ನಿಮ್ಮ ಬೆಳಗು ಹೇಗಿರುತ್ತದೆ ಅನ್ನುವುದು ಇದರ ಮೇಲಿದೆ.

ಲಾಂಟಾ ಯಾಯ್ ಉದ್ದನೆಯ ದ್ವೀಪ, ಉತ್ತರದಿಂದ ದಕ್ಷಿಣಕ್ಕೆ 30 ಕಿಲೋಮೀಟರ್ ಹತ್ತಿರ. ಈಜುವ ಬೀಚುಗಳೆಲ್ಲ ಪಶ್ಚಿಮಕ್ಕಿವೆ, ಹಾಗಾಗಿ ಎಲ್ಲಿದ್ದರೂ ಸೂರ್ಯ ಮುಳುಗುವುದು ನಿಮ್ಮ ಎದುರಿಗೇ. ಉತ್ತರದ ತುದಿಗೆ ಕ್ಲೋಂಗ್ ದಾವ್. ನೀರು ಆಳ ಇಲ್ಲ, ಬಹಳ ದೂರ ನಡೆದು ಹೋದರೂ ಸೊಂಟದ ಮಟ್ಟಕ್ಕೇ ಇರುತ್ತದೆ. ಸಾಲಾದಾನ್ ಪೇಟೆ, ಔಷಧಿ ಅಂಗಡಿ, ಎಟಿಎಂ ಎಲ್ಲ ಹತ್ತಿರ. ಮಕ್ಕಳು, ಹಿರಿಯರು ಇದ್ದವರಿಗೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಅದರ ಕೆಳಗೆ ಫ್ರಾ ಆಯ್, ಲಾಂಗ್ ಬೀಚ್ ಅಂತ ಕರೆಯುತ್ತಾರೆ, ಹೆಸರಿಗೆ ತಕ್ಕ ಉದ್ದ, ತಿನ್ನಲು ಕೂರಲು ಜಾಗ ಬೇಕಾದಷ್ಟು. ಕ್ಲೋಂಗ್ ಖೋಂಗ್‌ನಲ್ಲಿ ಇಳಿತದ ಹೊತ್ತಿಗೆ ಕಲ್ಲು ಎದ್ದು ಕಾಣುತ್ತವೆ, ಈಜಲು ಉಬ್ಬರಕ್ಕೆ ಕಾಯಬೇಕು. ದಕ್ಷಿಣದ ಕಾಂತಿಯಾಂಗ್ ಗುಡ್ಡಗಳ ನಡುವಿನ ಅರ್ಧಚಂದ್ರದಂಥ ಕೊಲ್ಲಿ. ನೋಡಲು ಎಲ್ಲಕ್ಕಿಂತ ಚಂದ, ಆದರೆ ರಸ್ತೆ ಏರಿಳಿತ ಜಾಸ್ತಿ, ಪೇಟೆ ದೂರ. ಗಂಡ ಹೆಂಡತಿ ಇಬ್ಬರೇ ಹೋಗುವವರಿಗೆ ಅದು ಸರಿ.

ಉಬ್ಬರ ಇಳಿತದ ಹೊತ್ತನ್ನು ದಿನಾ ಬೆಳಿಗ್ಗೆ ಫೋನಿನಲ್ಲಿ ನೋಡಿ. ಮುಂಬೈಯವರಿಗೆ ಭರತಿ ಅಂದರೆ ಮಳೆಗಾಲದ ಪೇಪರಿನ ಸುದ್ದಿ. ಅಲ್ಲಿ ಅದು ನಿಮ್ಮ ಸ್ನಾನದ ಟೈಮ್ ಟೇಬಲ್.

ರೂಮು ಬುಕ್ ಮಾಡುವಾಗ ನಾನು ನೋಡುವುದು ನಾಲ್ಕು ಸಂಗತಿ. ದಂಡೆಗೆ ರಸ್ತೆ ದಾಟದೆ ನಡೆದು ಹೋಗಬಹುದೇ ಅಂತ ಮೊದಲು ನೋಡುತ್ತೇನೆ, ಯಾಕೆಂದರೆ "ಬೀಚಿನಿಂದ ಐದು ನಿಮಿಷ" ಅಂತ ಬರೆದ ಎಷ್ಟೋ ಹೋಟೆಲ್ ಮುಖ್ಯ ರಸ್ತೆಯ ಆಚೆಗಿರುತ್ತವೆ, ಬಿಸಿಲಲ್ಲಿ ಆ ಐದು ನಿಮಿಷ ಅತ್ತೆಯಂಥವರಿಗೆ ಆಗುವುದಿಲ್ಲ. ಬಾಗಿಲ ಮುಂದೆ ಜಗಲಿ ಇರಬೇಕು. ಎರಡನೆಯದಾಗಿ ಇದನ್ನೇ ಯಾಕೆ ಹೇಳಿದೆ ಅಂದರೆ ನೀವು ದಿನದ ಅರ್ಧ ಕಳೆಯುವುದು ಆ ಜಗಲಿಯಲ್ಲೇ. ಮೆಟ್ಟಿಲು ಎಷ್ಟು ಅಂತ ಕೇಳಬೇಕು. ಬಿಸಿನೀರಿನ ಕೆಟಲ್ ಇರಬೇಕು. ನಮಗೆ ಕ್ಲೋಂಗ್ ದಾವ್‌ನಲ್ಲಿ ಎಸಿ ಇರುವ ಎರಡು ಬಂಗಲೆ ಪಕ್ಕಪಕ್ಕ ಸಿಕ್ಕವು, ಒಂದಕ್ಕೆ ದಿನಕ್ಕೆ 1,800 ಬಾತ್. ಒಂದು ಬಾತ್‌ಗೆ ಎರಡೂವರೆ ರೂಪಾಯಿಗಿಂತ ಜಾಸ್ತಿ ಅಂತ ಹಿಡಿದು ಲೆಕ್ಕ ಹಾಕಿ. ಏಳು ರಾತ್ರಿಗಿಂತ ಜಾಸ್ತಿ ಇರುತ್ತೇವೆ ಅಂತ ನೇರ ಹೋಟೆಲ್‌ಗೇ ಬರೆದು ಕೇಳಿ, ದರ ಕಡಿಮೆ ಮಾಡಿಕೊಡುವುದುಂಟು.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಮೀನು ತಿನ್ನುವವರಿಗೆ ಯಾವ ಸಮಸ್ಯೆಯೂ ಇಲ್ಲ. ತೆಂಗಿನ ಹಾಲು, ಮೆಣಸು, ಹುಳಿ, ತಾಜಾ ಮೀನು. ಮಂಗಳೂರು, ಕಾರವಾರದ ಕಡೆಯವರಿಗೆ ಮನೆಯ ರುಚಿಯ ನೆಂಟಸ್ತಿಕೆ ಸಿಗುತ್ತದೆ. ಲಾಂಟಾದಲ್ಲಿ ಮುಸ್ಲಿಂ ಕುಟುಂಬಗಳೇ ಜಾಸ್ತಿ. ಅವರ ಮಸ್ಸಮನ್ ಸಾರಿನಲ್ಲಿ ಚಕ್ಕೆ, ಏಲಕ್ಕಿ, ಶೇಂಗಾ ಎಲ್ಲ ಬೀಳುತ್ತವೆ.

ನಮ್ಮ ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು, ಅತ್ತೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಇಲ್ಲಿ ಒಂದು ಸಣ್ಣ ಪದ ಬಹಳ ಕೆಲಸ ಮಾಡುತ್ತದೆ: "ಜೆ". ಚೀನೀ ಮೂಲದ ಬೌದ್ಧರ ಶುದ್ಧ ಆಹಾರಕ್ಕೆ ಥಾಯ್ ಜನ ಹೇಳುವ ಹೆಸರು. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಕಟ್ಟುನಿಟ್ಟಾಗಿ ಮಾಡಿದರೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅಲ್ಲಿ ಜೆ ಊಟ ಸಿಗುತ್ತದೆ. (ಫುಕೆಟ್‌ನಲ್ಲಿ ಒಂಬತ್ತು ದಿನದ ಜೆ ಹಬ್ಬ ನಮ್ಮ ನವರಾತ್ರಿಯ ಆಸುಪಾಸಿನಲ್ಲೇ ಬರುತ್ತದೆ ಅಂತ ಕೇಳಿ ಅತ್ತೆಗೆ ಬಹಳ ಸಂತೋಷವಾಯಿತು.) ಆ ಬಾವುಟ ಇಲ್ಲದ ಕಡೆ ಬರೀ "ವೆಜಿಟೇರಿಯನ್" ಅಂದರೆ ಸಾಲದು. ತರಕಾರಿ ಹಾಕಿ ಮೀನಿನ ಸಾಸ್ ಸುರಿಯುವುದು ಅವರಿಗೆ ಸಹಜ, ಅದು ನಮ್ಮ ಉಪ್ಪಿನ ಹಾಗೆ. "ಮೈ ಸೈ ನಾಮ್ ಪ್ಲಾ" ಅಂದರೆ ಮೀನಿನ ಸಾಸ್ ಹಾಕಬೇಡಿ. "ಮೈ ಸೈ ಕಾಪಿ" ಅಂದರೆ ಸಿಗಡಿ ಪೇಸ್ಟ್ ಬೇಡ. "ಮೈ ಸೈ ಖೈ" ಅಂದರೆ ಮೊಟ್ಟೆ ಬೇಡ. ಇವನ್ನು ಥಾಯ್ ಲಿಪಿಯಲ್ಲಿ ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸಿ, ನಮ್ಮ ಉಚ್ಚಾರಕ್ಕಿಂತ ಅದು ಭದ್ರ. ಸೋಮ್ ತಾಮ್ ಅನ್ನುವ ಪಪ್ಪಾಯಿ ಕೋಸಂಬರಿಯಲ್ಲಿ ಒಣಸಿಗಡಿ ಇರುತ್ತದೆ, ಕೇಳದೆ ತಿನ್ನಬೇಡಿ. ಕರಿ ಪೇಸ್ಟ್ ಮೊದಲೇ ಅರೆದಿಟ್ಟಿರುತ್ತಾರೆ, ಅದರಲ್ಲಿ ಸಿಗಡಿ ಸೇರಿರುವುದೇ ಹೆಚ್ಚು. ಹಾಗಾಗಿ ನಾವು ಕರಿ ಬಿಟ್ಟು ಬಾಣಲೆಯಲ್ಲಿ ಹುರಿದ ತರಕಾರಿ, ಅನ್ನ, ತೋಫು, ಹಣ್ಣು ಇವಕ್ಕೇ ಅಂಟಿಕೊಂಡೆವು. ದಾರಿಬದಿಯ ರೋಟಿ ಗಾಡಿಯಲ್ಲಿ ಮೊಟ್ಟೆ ಬೇಡ ಅಂದರೆ ಬಾಳೆಹಣ್ಣು ಹಾಕಿ ಮಾಡಿಕೊಡುತ್ತಾರೆ. ತೆಂಗಿನ ಹಾಲಿನಲ್ಲಿ ನೆನೆದ ಅಂಟು ಅನ್ನ, ಮೇಲೆ ಮಾವಿನಹಣ್ಣು: ಇದನ್ನು ಅತ್ತೆ ದಿನಾ ತಿಂದರು.

ಮನೆಯಿಂದ ಏನು ಒಯ್ಯಬೇಕು? ಖಡಕ್ ಜೋಳದ ರೊಟ್ಟಿ ಎರಡು ವಾರ ಕೆಡುವುದಿಲ್ಲ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ತೆಳು ಅವಲಕ್ಕಿ, ಹುರಿದ ಉಪ್ಪಿಟ್ಟಿನ ರವೆಗೆ ಒಗ್ಗರಣೆ ಸೇರಿಸಿದ ಪೊಟ್ಟಣ. ಕೆಟಲ್ ನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಉಪ್ಪಿಟ್ಟು ತಯಾರು. ಅಲ್ಲಿಯ ಪೇಟೆಯಲ್ಲಿ ಮೊಸರು ಸಿಗುತ್ತದೆ, ಸಪ್ಪೆಯದು ನೋಡಿ ತಗೊಳ್ಳಿ, ಸಿಹಿಯದೇ ಜಾಸ್ತಿ ಇರುತ್ತದೆ. ಉಪ್ಪಿನಕಾಯಿಯನ್ನು ದೊಡ್ಡ ಪೆಟ್ಟಿಗೆಯಲ್ಲೇ ಇಡಿ, ಕೈಚೀಲದಲ್ಲಿ ಬಿಡುವುದಿಲ್ಲ. ಒಣಕೊಬ್ಬರಿ ಬಟ್ಟಲು ಬೇಡ, ಎಣ್ಣೆ ಇರುವುದರಿಂದ ಬೆಂಕಿ ಹತ್ತುವ ಸಾಮಾನಿನ ಲೆಕ್ಕದಲ್ಲಿ ಅದನ್ನು ತೆಗೆದಿಡುತ್ತಾರೆ.

ದಿನ ಕಳೆಯುವ ಬಗೆ

ಮೂರು ದಿನಕ್ಕೆ ಒಂದೇ ತಿರುಗಾಟ. ಇದು ನಮ್ಮ ಮನೆಯ ನಿಯಮವಾಗಿತ್ತು, ಇದನ್ನು ಮುರಿಯಲು ಯಜಮಾನರು ಎರಡು ಸಲ ನೋಡಿದರು, ಮಗಳೇ ಬಿಡಲಿಲ್ಲ. ಬೆಳಿಗ್ಗೆ ಬಿಸಿಲೇರುವ ಮೊದಲು ನೀರು, ಹತ್ತರಿಂದ ನಾಲ್ಕರ ತನಕ ನೆರಳು, ಸಂಜೆ ಮತ್ತೆ ನೀರು. ನಡುವಿನ ಆ ಆರು ಗಂಟೆಗೆ ಪುಸ್ತಕ, ಚೌಕಾಬಾರ ಪಟ, ನಿದ್ದೆ. ನಾವು ಚೌಕಾಬಾರದ ಪಟವನ್ನು ಬಟ್ಟೆ ಮೇಲೆ ಬರೆದು ಕವಡೆ ಸಮೇತ ಒಯ್ದಿದ್ದೆವು. ಮೊದಲ ಎರಡು ದಿನ ಕೈ ಸುಮ್ನೆ ಇರುವುದಿಲ್ಲ, ಫೋನ್ ತೆಗೆದು ಏನು ನೋಡೋಣ ಎಲ್ಲಿಗೆ ಹೋಗೋಣ ಅಂತ ಹುಡುಕುತ್ತದೆ. ಮೂರನೇ ದಿನದಿಂದ ತಾನೇ ನಿಲ್ಲುತ್ತದೆ. ಏಳು ರಾತ್ರಿ ಬೇಕು ಅಂತ ನಾನು ಹಟ ಮಾಡುವುದು ಇದಕ್ಕೇ.

ತಿರುಗಾಟಕ್ಕೆ ನಾವು ಆರಿಸಿದ್ದು ಎರಡು. ಒಂದು ಪೂರ್ವ ದಂಡೆಯ ಹಳೇ ಊರು, ಹಿಂದೆ ಚೀನೀ ವ್ಯಾಪಾರಿಗಳ ಬಂದರಾಗಿದ್ದ ಜಾಗ. ನೀರಿನ ಮೇಲೆ ಮರದ ಕಂಬ ನೆಟ್ಟು ಕಟ್ಟಿದ ಉದ್ದುದ್ದ ಮನೆಗಳು, ಹಿಂಬಾಗಿಲ ಕೆಳಗೆ ಸಮುದ್ರ. ಬೆಳಿಗ್ಗೆ ಹೋಗಿ ಊಟ ಮಾಡಿ ಬಂದರೆ ಸಾಕು. ಅಲ್ಲಿಂದ ಇನ್ನೂ ದಕ್ಷಿಣಕ್ಕೆ ಉರಾಕ್ ಲಾವೊಯ್ ಅನ್ನುವ ಕಡಲ ಜನರ ಹಳ್ಳಿ ಇದೆ, ಅವರ ಅಂಗಳಕ್ಕೆ ನುಗ್ಗಿ ಫೋಟೊ ತೆಗೆಯಬೇಡಿ. ಇನ್ನೊಂದು ಕೊ ರೊಕ್, ಸ್ಪೀಡ್ ಬೋಟಿನಲ್ಲಿ ಒಂದು ಗಂಟೆ ಹತ್ತಿರ. ನೀರು ಗಾಜಿನ ಹಾಗೆ, ಕನ್ನಡಕ ಹಾಕಿ ತಲೆ ಮುಳುಗಿಸಿದರೆ ಹವಳ, ಮೀನು. ಅತ್ತೆ ಮತ್ತು ನಾನು ರೂಮಲ್ಲೇ ಉಳಿದೆವು, ಅವರಿಬ್ಬರು ಹೋಗಿಬಂದರು. ಎಲ್ಲರೂ ಎಲ್ಲ ಕಡೆ ಹೋಗಲೇಬೇಕು ಅಂತ ಇಲ್ಲ. ಕೊ ರೊಕ್ ರಾಷ್ಟ್ರೀಯ ಉದ್ಯಾನದ ಭಾಗ. ಥಾಯ್ಲೆಂಡಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಹವಳಕ್ಕೆ ಹಾನಿ ಮಾಡುವ ಸನ್‌ಸ್ಕ್ರೀನ್‌ಗೆ 2021ರಿಂದ ನಿಷೇಧ ಇದೆ, ದಂಡ 1 ಲಕ್ಷ ಬಾತ್ ತನಕ. ಡಬ್ಬಿಯ ಹಿಂದೆ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಅಂತ ಇದ್ದರೆ ಅದನ್ನು ಮನೆಯಲ್ಲೇ ಬಿಡಿ, ತುಂಬುತೋಳಿನ ಈಜುಡುಪು ಹಾಕಿದರೆ ಕ್ರೀಮು ಕಡಿಮೆ ಸಾಕು.

ಸ್ಕೂಟರ್ ಬಾಡಿಗೆಗೆ ಎಲ್ಲ ಕಡೆ ಸಿಗುತ್ತದೆ, ನಮ್ಮ ಹಾಗೆ ಎಡಗಡೆಯೇ ಓಡಿಸುತ್ತಾರೆ, ಅದಕ್ಕೇ ಮನಸ್ಸು ಬೇಗ ಆಗುತ್ತದೆ. ಆದರೆ ಅಂತಾರಾಷ್ಟ್ರೀಯ ಪರ್ಮಿಟ್ ಇಲ್ಲದೆ ಮುಟ್ಟಬೇಡಿ. ಆರ್‌ಟಿಒದಲ್ಲಿ 1,000 ರೂಪಾಯಿ ಶುಲ್ಕ, ಒಂದು ವರ್ಷ ನಡೆಯುತ್ತದೆ, ಅದರಲ್ಲಿ ದ್ವಿಚಕ್ರದ ಮೊಹರು ಇರಲೇಬೇಕು. ಕಾರಿನ ಲೈಸೆನ್ಸ್ ಮಾತ್ರ ಇದ್ದವರು ಬಿದ್ದು ಆಸ್ಪತ್ರೆ ಸೇರಿದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತಬಹುದು. ಇನ್ಶೂರೆನ್ಸ್ ಮಾಡಿಸಿ, ಅತ್ತೆ ಮಾವಂದಿರ ಬಿಪಿ ಸಕ್ಕರೆ ಕಾಯಿಲೆ ಮುಚ್ಚಿಡದೆ ಬರೆಸಿ. ಅವರ ಮಾತ್ರೆ ಎರಡು ಚೀಲದಲ್ಲಿ ಹಂಚಿಡಿ, ವೈದ್ಯರ ಚೀಟಿ ಜೊತೆಗಿರಲಿ. ಪ್ರವಾಸಿ ಪೊಲೀಸರ ನಂಬರ್ 1155, ಆಂಬುಲೆನ್ಸ್ 1669.

ಸಮುದ್ರದಲ್ಲಿ ಕೆಂಪು ಬಾವುಟ ಕಂಡರೆ ಇಳಿಯಬೇಡಿ. ಜೆಲ್ಲಿ ಮೀನು ತಾಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಕೆಲವು ಬೀಚುಗಳಲ್ಲಿ ವಿನೆಗರ್ ಬಾಟಲಿ ಇಟ್ಟ ಕಂಬ ಇರುತ್ತವೆ, ಅದನ್ನೇ ಸುರಿದು ಕೂಡಲೇ ಡಾಕ್ಟರ ಹತ್ತಿರ ಹೋಗಿ. ಸಂಜೆ ಸೊಳ್ಳೆಗೆ ಕ್ರೀಮು ಹಚ್ಚಿ, ಡೆಂಗ್ಯೂ ಅಲ್ಲೂ ಇದೆ.

ದುಡ್ಡಿನ ವಿಷಯದಲ್ಲಿ ಒಂದೇ ಮಾತು. ಎಟಿಎಂನಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲ 200 ಬಾತ್‌ಗಿಂತ ಜಾಸ್ತಿ ಕತ್ತರಿಸುತ್ತಾರೆ, ಹಾಗಾಗಿ ಒಂದೇ ಸಲಕ್ಕೆ ದೊಡ್ಡ ಮೊತ್ತ ತೆಗೆಯಿರಿ. ಸಣ್ಣ ಹೋಟೆಲ್, ಗಾಡಿಯವರಿಗೆಲ್ಲ ನಗದೇ ಬೇಕು.

ವಾಪಸ್ ಬರುವಾಗ

ಕೊನೆಯ ರಾತ್ರಿ ದ್ವೀಪದಲ್ಲಿ ಇರಬೇಡಿ. ಬಾರ್ಜ್ ಮುಂದೆ ಗಾಡಿಗಳ ಸಾಲು ಉದ್ದವಾಗಿದ್ದರೆ ವಿಮಾನದ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತದೆ. ನಾವು ಎಂಟನೇ ದಿನ ತಿಂಡಿ ಮುಗಿಸಿ ಹೊರಟು ಕ್ರಾಬಿ ಪೇಟೆಯಲ್ಲಿ ಒಂದು ರಾತ್ರಿ ತಂಗಿದೆವು. ಸಂಜೆ ನದಿ ದಂಡೆಯಲ್ಲಿ ನಡೆದೆವು, ಸೊಸೈಟಿಯವರಿಗೆ ಕೊಡಲು ಒಣಗಿಸಿದ ಮಾವು, ಗೇರುಬೀಜ ಕೊಂಡೆವು, ಮರುದಿನ ಆತುರ ಇಲ್ಲದೆ ವಿಮಾನ ಹತ್ತಿದೆವು. ರಜೆಯ ಅರ್ಜಿ ಬರೆಯುವಾಗಲೇ ಮನೆಗೆ ಬಂದ ಮರುದಿನವನ್ನೂ ಸೇರಿಸಿ ಬರೆಯಿರಿ. ಮರಳು ತುಂಬಿದ ಬಟ್ಟೆ ಎರಡು ಸಲ ಒಗೆಯಬೇಕಾಗುತ್ತದೆ, ಡಬ್ಬಿಗೆ ಪಲ್ಯ ಮಾಡಲು ಮನೆಯಲ್ಲಿ ತರಕಾರಿ ಇರುವುದಿಲ್ಲ.